ಅಂಗಾಲಿನ ಸುಣ್ಣ

ಲೆಂಪಾಂಗ್ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೈಕಿನ ಹಿಂದಿನ ಸೀಟಿನಲ್ಲಿ ಬರಿಗಾಲಲ್ಲಿ ಕೂತಿದ್ದ ತಾಂಡಿಯ ಅಂಗಾಲುಗಳಿಗೆ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಬಳಿದ. ಕಚಗುಳಿಯಾದರೂ ತಾಂಡಿ ನಗಲಿಲ್ಲ. ಅವನು ನಕ್ಕು ಮೂರು ದಿನವಾಗಿತ್ತು. ಮುಂದೆ ಹ್ಯಾಂಡಲ್ ಹಿಡಿದು ಕೂತಿದ್ದ ಅವನ ಹೆಂಡತಿ ನವೋಮಿಗೆ ಬೆನ್ನ ಹಿಂದಿನ ಆ ಮೌನ ಮೂಟೆಗಿಂತ ಭಾರವಾಗಿತ್ತು.

"ನೋಡಮ್ಮ," ಅಂದ ಲೆಂಪಾಂಗ್. "ಮೇಲೆ ಸೆಕೊ ಊರು ಮುಟ್ಟೋವರೆಗೂ ಇವನ ಕಾಲು ನೆಲಕ್ಕೆ ತಾಗಬಾರದು. ನಿನ್ನ ಕಾಲು ಎಲ್ಲಾದ್ರೂ ಊರ್ಕೋ, ಯಾರೂ ಕೇಳಲ್ಲ. ಇವನ ಸುಣ್ಣಕ್ಕೆ ಮಣ್ಣು ಹತ್ತಿದ್ರೆ ಹನ್ನೊಂದನೇ ನಂಬರು ಬೇರೆಯವರಿಗೆ. ಆಮೇಲೆ ಅತ್ತುಕೊಂಡು ನನ್ನ ಮನೆ ಬಾಗಿಲಿಗೆ ಬರಬೇಡ."

"ನಾನು ಅಳೋದನ್ನ ಯಾವತ್ತು ನೋಡಿದ್ದೀರಿ ಅಣ್ಣ?"

"ಬಾಯಿಗೇನೂ ಕಮ್ಮಿ ಇಲ್ಲ. ನಡಿ, ನಾನು ಹಿಂದೇನೇ ಬರ್ತೀನಿ."

ಲೆಂಪಾಂಗ್ ಬಾಡಿಗೆ ಬೈಕಿನವರ ಸಂಘದ ಹಿರಿಯ. ಸಂಘದ ನಂಬರು ಇದ್ದವರಿಗಷ್ಟೇ ಆ ಬೆಟ್ಟದ ದಾರಿಯಲ್ಲಿ ಸರದಿ. ಇಲ್ಲದವರಿಗೆ ಒಂದು ಅಕ್ಕಿಮೂಟೆಯೂ ಸಿಗದು. ಕೆಲಸ ಬಿಡುವವನು ತನ್ನವರಿಗೆ ನಂಬರು ಕೊಡಬಹುದು, ಆದರೆ ಪಡೆಯುವವರು ಅವನನ್ನೇ ಹಿಂದೆ ಕೂರಿಸಿಕೊಂಡು ದಾರಿ ಹತ್ತಿ ತೋರಿಸಬೇಕು. ತಾಂಡಿಯ ಎಡಗೈಯ ತೋರುಬೆರಳು, ನಡುಬೆರಳು ಹೋದ ತಿಂಗಳು ಚೈನಿಗೆ ಸಿಕ್ಕಿ ಹೋಗಿದ್ದವು. ಹೆಬ್ಬೆರಳು ಬಿಟ್ಟು ಉಳಿದೆರಡು ಬೆರಳಲ್ಲಿ ಅವನು ಕ್ಲಚ್ ಪೂರ್ತಿ ಹಿಡಿಯಬಲ್ಲ, ಪೂರ್ತಿ ಬಿಡಬಲ್ಲ. ಅರ್ಧಕ್ಕೆ ನಿಲ್ಲಿಸಲಾರ. ಅಲ್ಲಿಯ ಕೆಸರು ತಿರುವುಗಳಲ್ಲಿ ಆ ಅರ್ಧ ಇಲ್ಲದಿದ್ದರೆ ನಡೆದು ಹೋಗುವುದೇ ವಾಸಿ.

ನವೋಮಿಗೆ ಕಲಿಸಿದವನೂ ಅವನೇ. ಹನ್ನೆರಡು ವರ್ಷ ಅವಳು ಕಾಫಿತೋಟಕ್ಕೆ ಓಡಿಸಿದ್ದು ಕ್ಲಚ್ಚೇ ಇಲ್ಲದ ಹಳೇ ಗಾಡಿ. ಅದರಲ್ಲಿ ಎಡಗೈಗೆ ಕೆಲಸವೇ ಇರಲಿಲ್ಲ. ಹೆದರಿದಾಗ ಮುಷ್ಟಿ ಬಿಗಿ ಹಿಡಿಯುವುದೊಂದೇ ಆ ಕೈಗೆ ಗೊತ್ತಿದ್ದದ್ದು. "ನಾಲ್ಕು ಬೆರಳು ಹಾಕಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?" ಎಂದು ತಾಂಡಿ ಅಂಗಳದಲ್ಲಿ ಕೂಗಾಡಿದ್ದ. "ಒಂದೇ ಬೆರಳು! ಕೋಳಿಮರಿ ಹಿಡಿದ ಹಾಗೆ. ಹಿಸುಕಲೂ ಬೇಡ, ಬಿಡಲೂ ಬೇಡ. ಇಂಜಿನ್ ಚಕ್ರಾನ ಎಳೀತಿರಬೇಕು. ಎಳೆತ ತಪ್ಪಿತೋ, ಗಾಡಿ ಮಲಗ್ತು."

ತಾಂಡಿಗೆ ಅದೆಲ್ಲ ಆಟದ ಹಾಗಿತ್ತು. ಆದರೆ ಮೂರು ದಿನದ ಹಿಂದೆ, ನಂಬರು ತನ್ನ ಹೆಸರಿಗೆ ಕೇಳಿ ಬಂದೆನೆಂದು ಅವಳು ಹೇಳಿದ ಸಂಜೆ ಅವನು ಮಗಳು ರಿಂದಿಯ ಎದುರೇ ತಟ್ಟೆ ದೂಡಿ, "ಹಂಗಾದ್ರೆ ನಾನು ಸತ್ತೆ ಅಂತಲೋ?" ಅಂದ. ಅಲ್ಲಿಂದ ಮಾತಿಲ್ಲ. ಇವತ್ತು ಬೆಳಿಗ್ಗೆ ಮಾತ್ರ ಜಾಕೆಟ್ ಹಾಕಿಕೊಳ್ಳುತ್ತ, "ಸುಣ್ಣ ಬಳಿಯೋದು ನನ್ನ ಕಾಲಿಗೆ. ನೆನಪಿರಲಿ," ಅಂದಿದ್ದ. ಕಾಲಿನ ಹೆಬ್ಬೆರಳೊಂದನ್ನು ನೆಲಕ್ಕೆ ಇಳಿಬಿಟ್ಟರೆ ಸಾಕು ಇವನು, ನಂಬರು ಹೋಯಿತು, ಎಂದು ನವೋಮಿ ಹೆದರಿದ್ದಳು.

ಮೊದಲ ತಿರುವುಗಳು ಹೇಗೋ ದಾಟಿದವು. ಪ್ರತಿ ತಿರುವಿಗೂ ಅವಳು ಸೀಟಿನ ಮುಂದಕ್ಕೆ ಸರಿದು, ಎಡಗಾಲು ಮುಂದೆ ಚಾಚಿ, ತೋರುಬೆರಳೊಂದರಲ್ಲೇ ಕ್ಲಚ್ಚನ್ನು ಅರ್ಧ ಬಿಗಿದು ಸಡಿಲಿಸಿದಳು. ಆಮೇಲೆ ಎಮ್ಮೆಕೊಂಬು ಬಂತು. ಎಡಕ್ಕೆ ಗಕ್ಕನೆ ಸುತ್ತಿ ಏರುವ ತಿರುವು. ಎಡಗಡೆ ಕೆಮ್ಮಣ್ಣಿನ ದಿಬ್ಬ, ಬಲಗಡೆ ನೋಡಬಾರದು.

ಅವಳು ನೋಡಿಬಿಟ್ಟಳು. ಹಿಂದಿನ ಚಕ್ರ ಜಾಡಿನಿಂದ ಜಾರಿ ಬಲಕ್ಕೆ ಹೊರಳಿತು. ಅಯ್ಯೋ ದೇವರೇ ಅನ್ನುವಷ್ಟರಲ್ಲಿ ನಾಲ್ಕೂ ಬೆರಳು ಮುಚ್ಚಿಕೊಂಡವು. ಇಂಜಿನ್ ಸುಮ್ಮನೆ ಅರಚಿತು, ಚಕ್ರಕ್ಕೆ ಎಳೆತ ಸತ್ತಿತು, ಗಾಡಿ ಎಡಕ್ಕೆ ವಾಲತೊಡಗಿತು.

"ರಿಂದಿ ಅಪ್ಪ, ಕಾಲು!" ಎಂದು ಕಿರುಚಿದಳು.

"ನನ್ನ ಕಾಲು ಬಿಡು! ಬೆರಳು! ಒಂದೇ ಬೆರಳು!"

ಹಿಂದೆ ಏನೋ ದಡಕ್ಕೆಂದಿತು. ವಾಲುತ್ತಿದ್ದ ಗಾಡಿ ಒಂದು ಕ್ಷಣ ತಡೆದು ನಿಂತಿತು. ಅಷ್ಟರಲ್ಲಿ ಅವಳು ಮೂರು ಬೆರಳು ಬಿಚ್ಚಿದಳು, ಒಂದನ್ನು ಉಳಿಸಿಕೊಂಡಳು, ಮೆಲ್ಲಗೆ ಸಡಿಲಿಸಿದಳು. ಇಂಜಿನ್ ದನಿ ದಪ್ಪಗಾಯಿತು. ಚಕ್ರ ಮಣ್ಣು ಕಚ್ಚಿತು. ಗಾಡಿ ತಾನಾಗಿ ನೆಟ್ಟಗಾಗುತ್ತ ತಿರುವು ಬಿಟ್ಟು ಮೇಲೇರಿತು.

ಊರು ಮುಟ್ಟುವವರೆಗೂ ಅವಳಿಗೆ ಒಂದೇ ಯೋಚನೆ: ಆ ಸದ್ದು ಕಾಲಿನದೇ. ಬೇಕೆಂದು ಊರಿದನೋ, ಬೀಳುವ ಭಯಕ್ಕೆ ಊರಿದನೋ, ಎರಡೂ ಒಂದೇ. ಅವಳಿಗೆ ಅವನ ಮೇಲೆ ಹೇಳಲಾಗದಷ್ಟು ಸಿಟ್ಟು ಬಂದಿತ್ತು.

ಸೆಕೊದ ಅಂಗಡಿಯ ಮುಂದೆ ಬೈಕು ನಿಲ್ಲಿಸಿದರು. ಹಿಂದೆಯೇ ಬಂದ ಲೆಂಪಾಂಗ್ ಕುಕ್ಕರುಗಾಲಲ್ಲಿ ಕೂತು ತಾಂಡಿಯ ಪಾದಗಳನ್ನು ಒಂದೊಂದಾಗಿ ಎತ್ತಿ ನೋಡಿದ. ನವೋಮಿ ಬೇರೆ ಕಡೆ ಮುಖ ತಿರುಗಿಸಿದಳು.

"ಹಿಮ್ಮಡಿ ಬಿಳಿ. ಹೆಬ್ಬೆರಳು ಬಿಳಿ," ಅಂದ ಲೆಂಪಾಂಗ್. "ನಡುವೆ ಫುಟ್‌ರೆಸ್ಟ್ ಉಜ್ಜಿದ ಗೆರೆ, ಅಷ್ಟೇ. ಕೊಡಪ್ಪಾ ನಂಬರು."

ಹನ್ನೊಂದೆಂದು ಬರೆದ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತಾಂಡಿಯ ಜಾಕೆಟ್ಟಿನ ಮೇಲಿತ್ತು. ಅದನ್ನು ಬಲಗೈಯೊಂದರಲ್ಲೇ ಬಿಚ್ಚಲು ಒದ್ದಾಡಿ, ಕೊನೆಗೆ ಅವನು ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದ. ಮೊಣಕೈವರೆಗೆ ಕೆಮ್ಮಣ್ಣು. ಬೆರಳು ಹೋದ ಜಾಗದ ಎಳೆ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು.

"ಏನೋ ಇದು ಕೈಗೆ?"

"ದಿಬ್ಬ ಅಡ್ಡ ಬಂತು, ತಳ್ಳಿದೆ," ಅಂದ ತಾಂಡಿ. "ನೀವು ಕೈಗೆ ಸುಣ್ಣ ಬಳಿದಿರಲಿಲ್ಲವಲ್ಲ ಅಣ್ಣ."

ಲೆಂಪಾಂಗ್ ಅವನನ್ನೂ ಕೈಯನ್ನೂ ನೋಡಿದ. ಆಮೇಲೆ ಎದ್ದು, ಎಲೆರಸ ಉಗಿಯುವ ನೆಪದಲ್ಲಿ ಅಂಗಡಿಯ ಹಿಂದಕ್ಕೆ ಹೋದ.

ನವೋಮಿಗೆ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಬಂದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. "ತೊಳೀಬೇಕು ಅದನ್ನ. ನೀರು ತರ್ತೀನಿ," ಅಂದಳು.

"ಮೊದಲು ಇದನ್ನ ಹಾಕ್ಕೋ. ಆ ಕಡೆ ತಿರುಗು." ಅವನು ಅಂಗಿಯನ್ನು ಅವಳ ಹೆಗಲಿಗೆ ಏರಿಸಿ, ಎರಡೂ ಕೈಯಿಂದ ಬೆನ್ನ ಮೇಲೆ ತಟ್ಟಿ ಸರಿಮಾಡಿದ. "ನಾಲ್ಕು ಬೆರಳು ಹಾಕಿದೆ ನೀನು. ನೋಡಿದೆ ನಾನು."

ಬೇಸಿನ್ ಕೇಳಲು ಅವಳು ಅಂಗಡಿಯೊಳಗೆ ಹೊರಟಳು. ಬೆನ್ನ ಮೇಲೆ ಹನ್ನೊಂದರ ಪಕ್ಕದಲ್ಲಿ ಅವನ ಎಡಗೈ ಅಚ್ಚು ಕೆಂಪಗೆ ಮೂಡಿತ್ತು, ಮೂರೇ ಬೆರಳಿನದು.