ಸುಮ್ಮನಾದ ಕೂಸು

ಕುರ್ಲಾದ ಆ ಹನ್ನೊಂದನೇ ಮಹಡಿಯ ಮನೆಯಲ್ಲಿ ಕೂಸು ಎರೆಯುವ ಹೊತ್ತಿನ ಗದ್ದಲ, ಲೋಕಲ್ ರೈಲು ಹತ್ತುವ ಗದ್ದಲಕ್ಕಿಂತ ಕಡಿಮೆಯೇನಿರಲಿಲ್ಲ. ರುದ್ರವ್ವ ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮೂರು ತಿಂಗಳ ಮೊಮ್ಮಗ ಗುರುಬಸವನನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ದು ಮುಗಿಸುವ ತನಕ ಅವನು ಸುಖವಾಗಿಯೇ ಇರುತ್ತಿದ್ದ. ಗೋಳು ಶುರುವಾಗುತ್ತಿದ್ದದ್ದು ಆಮೇಲೆ, ಸುತ್ತ ಸರಳುಗಳಿದ್ದ ಮಕ್ಕಳ ಕಾಟಿನಲ್ಲಿ ಹಾಕಿದಾಗ. ಕೈಕಾಲು ಬಡಿಯುತ್ತಿದ್ದ, ಸುತ್ತಿದ ಬಟ್ಟೆ ಒದ್ದು ಬಿಸಾಡುತ್ತಿದ್ದ, ಕೆಳಗಿನ ಮಹಡಿಗೂ ಕೇಳುವಂತೆ ಅಳುತ್ತಿದ್ದ.

"ನನ್ನ ಮಗ ಕೋಳಿಗೂಡ ತಂದಿಟ್ಟಾನ," ಎಂದು ರುದ್ರವ್ವ ಕಾಟಿನ ಸರಳುಗಳನ್ನು ನೋಡಿ ಮೂಗು ಮುರಿದಳು. "ತೂಗಾಕ ಬರೂದಿಲ್ಲ, ಮೆತ್ತಗಿಲ್ಲ. ಅಳದ ಏನ ಮಾಡೀತು?"

"ಗಟ್ಟಿ ಗಾದೀನ ಸೇಫ್ ಅಂತರೀ ಅತ್ತಿ. ದಿಂಬು, ದುಪ್ಪಟಿ ಏನೂ ಇಡಬ್ಯಾಡ ಅಂದಾರ ಡಾಕ್ಟರು," ಎಂದಳು ಸೊಸೆ ರಾಧಿಕಾ.

"ನಿಮ್ಮ ಡಾಕ್ಟರಪ್ಪ ಎಷ್ಟ ಹಡದಾನವಾ?"

ರಾಧಿಕಾ ನಕ್ಕಳು. ಅತ್ತೆಯ ಕೈಗುಣ ದೊಡ್ಡದು. ಚಾಳಿನಲ್ಲಿದ್ದಾಗ ಊರ ಕಡೆಯವರ ಮನೆಯಲ್ಲಿ ಎಲ್ಲಿ ಹೆರಿಗೆಯಾದರೂ ಕೂಸು ಎರೆಯಲು ರುದ್ರವ್ವನೇ ಬೇಕು. ಚೆಂಬೂರು, ಅಂಧೇರಿಯಿಂದಲೂ ಕರೆ ಬರುತ್ತಿತ್ತು. ಚಾಳು ಕೆಡವಿ ಈ ಬಿಲ್ಡಿಂಗಿಗೆ ಬಂದು ಐದು ತಿಂಗಳಾಗಿತ್ತು, ಅಷ್ಟೇ.

ಅಂದು ಶ್ರಾವಣ ಸೋಮವಾರ. ಮೂರು ದಿನದಿಂದ ಬಿಡದ ಮಳೆ. ಕೂಸಿನ ಬಟ್ಟೆ ಒಣಗುತ್ತಿರಲಿಲ್ಲ, ಅದು ಎರಡು ಸಲ ಸೀನಿತ್ತು ಕೂಡ. ಥಂಡಿಗೇ ಹೀಗೆ ಚಡಪಡಿಸುತ್ತಿದೆ ಎಂದು ರುದ್ರವ್ವ ತೀರ್ಮಾನಿಸಿದಳು. ಕೆಳಗೆ ಇಸ್ತ್ರಿ ಅಂಗಡಿಗೆ ಹೋಗಿ, ಅಗ್ಗಿಷ್ಟಿಗೆ ತುಂಬ ಕೆಂಡ ತಂದು ಕಾಟಿನ ಕೆಳಗಿಟ್ಟಳು. ಎರಚಲು ಬರುತ್ತದೆಂದು ಕಿಟಕಿ ಎಳೆದು ಮುಚ್ಚಿದಳು. ಬಾಗಿಲಿಗೆ ಚಿಲಕ ಹಾಕಿದಳು.

"ಹೊಗಿ ಆಗತೈತ್ರೀ ಅತ್ತಿ."

"ಎಲ್ಲೈತಿ ಹೊಗಿ? ಕೆಂಡ ನಿಗಿನಿಗಿ ಅದಾವ. ನಿನ್ನ ಗಂಡಗೂ ಜೋಳಗಿ ತೊಟ್ಟಿಲ ಕೆಳಗ ಕೆಂಡ ಇಟ್ಟ ಬೆಳಸೀನಿ. ಏನಾಗೇತಿ ಅವಗ? ಹೋಗು, ರಾತ್ರಿಯೆಲ್ಲಾ ನಿದ್ದಿ ಇಲ್ಲ, ಅಡ್ಡಾಗು."

ರಾಧಿಕಾಳಿಗೆ ತಲೆ ಸಿಡಿಯುತ್ತಿತ್ತು. ಅಲ್ಲೇ ಮಂಚದ ಮೇಲೆ ಒರಗಿದಳು. ಸ್ವಲ್ಪ ಹೊತ್ತಿಗೆ ಗುರುಬಸವನ ಅಳು ಕುಂಯಿಗುಟ್ಟುವಿಕೆಯಾಯಿತು, ಆಮೇಲೆ ಅದೂ ನಿಂತಿತು.

"ನೋಡಿದೇನ?" ಎಂದಳು ರುದ್ರವ್ವ. ಸೊಸೆ ಉತ್ತರಿಸಲಿಲ್ಲ. ಮಲಗಿದ್ದಾಳೆ, ಮಲಗಲಿ.

ಗೋಡೆಗೆ ಆತು ಕುಳಿತ ಅವಳಿಗೂ ತಲೆ ಭಾರವಾಯಿತು. ಉಪವಾಸದ ತಲೆಸುತ್ತು ಎಂದುಕೊಂಡಳು. ಕೂಸಿನ ಕೈಯನ್ನು ಬಟ್ಟೆಯೊಳಗೆ ಸೇರಿಸಲೆಂದು ಸರಳುಗಳ ನಡುವೆ ಬೆರಳು ತೂರಿಸಿದಳು. ಅಂಗೈಗೆ ಬೆರಳು ತಾಗಿದರೆ ಸಾಕು, ಗಟ್ಟಿ ಹಿಡಿದುಕೊಳ್ಳುವ ಕೂಸು ಅದು. ಈಗ ಹಿಡಿಯಲಿಲ್ಲ. ಕೈ ಎತ್ತಿ ಬಿಟ್ಟಳು, ಒದ್ದೆ ಬಟ್ಟೆಯಂತೆ ಕೆಳಗೆ ಬಿತ್ತು.

"ರಾಧಿಕಾ."

ಮಂಚದ ಮೇಲೆ ಮಿಸುಕಾಟವಿಲ್ಲ.

"ಏ ರಾಧಿಕಾ, ಏಳವಾ, ಕೂಸು..."

ಎದ್ದು ನಿಲ್ಲಲು ಹೋದರೆ ಕಾಲು ತನ್ನವಲ್ಲ ಎನ್ನಿಸಿತು. ಕಾಟು ಹಿಡಿದು ಏಳಲು ನೋಡಿದಳು, ಮಂಡಿ ಕುಸಿಯಿತು. ಸರಳುಗಳ ಆ ಕಡೆ ಮೊಮ್ಮಗ, ಈ ಕಡೆ ತಾನು. ಎತ್ತಿಕೊಳ್ಳುವಷ್ಟು ಬಲವೂ ತೋಳಲ್ಲಿಲ್ಲ. ಹನ್ನೆರಡು ಮಾರು ಅಗಲದ ಹಳ್ಳ ದಾಟಿದಂತೆ, ತೆವಳುತ್ತ ಬಾಗಿಲ ತನಕ ಹೋದಳು. ಚಿಲಕ ಸಿಗಲಿಲ್ಲ. ಮತ್ತೆ ಕೈ ಎತ್ತಿದಳು. ಮೂರನೇ ಸಲಕ್ಕೆ ಬೆರಳಿಗೆ ಕಬ್ಬಿಣ ತಾಗಿತು. ಬಾಗಿಲು ತೆರೆದದ್ದು ಗೊತ್ತು, ಹೊರಗಿನ ತಣ್ಣನೆ ಗಾಳಿ ಮುಖಕ್ಕೆ ಬಡಿದದ್ದು ಗೊತ್ತು.

"ಎಂಥ ಆಯ್ತು ರುದ್ರವ್ವಾ?" ಎದುರು ಮನೆಯ ಅಕ್ಕು ಸೌಟು ಹಿಡಿದೇ ಓಡಿಬಂದಳು. ಉಡುಪಿ ಕಡೆಯವಳು, ಮಾತು ಜಾಸ್ತಿ. ಒಳಗೆ ಇಣುಕಿದವಳು ಆ ಹೊತ್ತು ಒಂದೇ ಮಾತಾಡಿದಳು: "ಕಿಟಕಿ ಯಾಕೆ ಮುಚ್ಚಿದ್ದು ಮಾರಾಯ್ತಿ?" ಅಷ್ಟರಲ್ಲಿ ಕಿಟಕಿ ತೆರೆದಿತ್ತು, ಕೂಸು ಅವಳ ತೋಳಲ್ಲಿತ್ತು, ರಾಧಿಕಾಳನ್ನು ಅಕ್ಕಪಕ್ಕದವರು ಎತ್ತಿ ತರುತ್ತಿದ್ದರು.

ಆಸ್ಪತ್ರೆಯಲ್ಲಿ ಕೂಸಿನ ಹೆಬ್ಬೆಟ್ಟಿನಷ್ಟು ಮುಖಕ್ಕೆ ಆಕ್ಸಿಜನ್ ಕಟ್ಟಿದರು. ಎಳೆ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ಹಿಂದಿಯಲ್ಲಿ ಕೇಳಿದಳು, "ಆಜಿ, ಏನಾಯಿತು? ಏನಾದರೂ ಕುಡಿಸಿದಿರಾ?"

ಅಂಧೇರಿಯ ಆಫೀಸಿನಿಂದ ಓಡಿಬಂದ ಮಗ ಶ್ರೀಶೈಲ ತಾಯಿಯ ಮುಖ ನೋಡಿದ. ಬಾಯಿ ಬಿಟ್ಟರೆ ತನ್ನ ಜೀವಮಾನದ ಕೈಗುಣದ ಹೆಸರು ಮಣ್ಣುಪಾಲು ಅನ್ನಿಸಿತು ಅವಳಿಗೆ. ಬಿಡದಿದ್ದರೆ, ಒಳಗೆ ಆ ಕೂಸಿಗೆ ಏನು ಮಾಡಬೇಕೆಂದು ಇವರಿಗೆ ಹೇಗೆ ತಿಳಿಯಬೇಕು?

"ಕೆಂಡ ಇಟ್ಟಿದ್ದೆ," ಎಂದಳು ರುದ್ರವ್ವ. "ಕಾಟಿನ ಕೆಳಗ. ನಾನ ಇಟ್ಟಿದ್ದೆ. ಹೊಗಿ ಇರಲಿಲ್ಲರೀ ಡಾಕ್ಟರಬಾಯಿ. ಚಾಳಿನ್ಯಾಗ ದಿನಾ ಇಡತಿದ್ದೆ."

"ಕೆಂಡದ ವಿಷಗಾಳಿ ಕಾಣುವುದಿಲ್ಲ, ವಾಸನೆಯೂ ಇಲ್ಲ. ಚಾಳಿನಲ್ಲಿ ಬಾಗಿಲು ಮುಚ್ಚುತ್ತಿದ್ದಿರಾ?"

ರುದ್ರವ್ವನಿಗೆ ಚಾಳಿನ ಮನೆ ಕಣ್ಣಿಗೆ ಕಟ್ಟಿತು. ಬೆಳಗಾದರೆ ತೆರೆದ ಬಾಗಿಲು ರಾತ್ರಿಗೇ ಮುಚ್ಚುವುದು. ತಗಡಿಗೂ ಗೋಡೆಗೂ ನಡುವೆ ಎರಡು ಬೆರಳು ಸಂದಿ, ಅಲ್ಲಿಂದ ಮಳೆ ಬರುತ್ತದೆಂದು ಇಪ್ಪತ್ತು ವರ್ಷ ಬೈದಿದ್ದಳು.

ಸಂಜೆ ಒಳಗಿನಿಂದ ಅಳು ಕೇಳಿತು. ಕರ್ಕಶ, ಸಿಟ್ಟಿನ ಅಳು. ಆಗಲೇ ಚೇತರಿಸಿಕೊಂಡಿದ್ದ ರಾಧಿಕಾ ಗೋಡೆ ಹಿಡಿದುಕೊಂಡು ಓಡಿದಳು. ರುದ್ರವ್ವ ಬೆಂಚಿನಿಂದ ಏಳಲಿಲ್ಲ. ಏಳುವ ಹಕ್ಕು ತನಗಿದೆಯೇ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಸೊಸೆ ಒಂದು ಮಾತೂ ಆಡಲಿಲ್ಲ. ಶ್ರೀಶೈಲ ನೆಂಟರಿಗೆಲ್ಲ ಫೋನಿನಲ್ಲಿ "ನ್ಯುಮೋನಿಯಾ ಆಗಿತ್ತು" ಎಂದ. "ಮಂದಿ ನಾಲಿಗಿ ಕೆಟ್ಟದವ್ವ. ನಿನ್ನ ಹೆಸರ್ಯಾಕ ಹಾಳಾಗಬೇಕು? ನೀ ಸುಮ್ನಿರು." ರುದ್ರವ್ವ ಸುಮ್ಮನಿದ್ದಳು. ಕೂಸನ್ನು ಎರೆಯುವುದನ್ನೂ ಬಿಟ್ಟಳು. ಕಾಟಿನ ಬಳಿ ಕುಳಿತು ಅದರ ಹೊಟ್ಟೆ ಏರಿಳಿಯುವುದನ್ನು ನೋಡುವುದೇ ಕೆಲಸ. ಕೂಸು ಗಾಢ ನಿದ್ದೆ ಹೋದರೆ ಅಂಗಾಲು ತಟ್ಟಿ ಎಬ್ಬಿಸುತ್ತಿದ್ದಳು. "ಅತ್ತೀ, ಈಗಷ್ಟ ಮಲಗ್ಯಾನ್ರೀ," ಎಂದು ರಾಧಿಕಾ ಒಮ್ಮೆ ಅಂದಳು. ಆಸ್ಪತ್ರೆಯ ನಂತರ ಅವಳಾಡಿದ ಮೊದಲ ಮಾತು ಅದು.

ಮೂರು ವಾರ ಕಳೆದು ಚೆಂಬೂರಿನ ಕಾಶಪ್ಪನ ಫೋನು. ಅವನ ಸೊಸೆ ಸ್ನೇಹಲ್ ಹಡೆದಿದ್ದಳು. "ಅವ್ವಾರ, ಮೊದಲನೇ ಸಲ ಕೂಸು ಎರಿಯೂದು ನಿಮ್ಮ ಕೈಲೇ ಆಗಬೇಕು."

ಬರುವುದಿಲ್ಲ ಎನ್ನಲು ಬಾಯಿ ತೆರೆದಳು. "ಕೆಂಡದ ವ್ಯವಸ್ಥಾ ಮಾಡೀನ್ರೀ," ಎಂದ ಕಾಶಪ್ಪ. ರುದ್ರವ್ವ ಅರ್ಧ ಗಂಟೆಯಲ್ಲಿ ರಿಕ್ಷಾ ಹತ್ತಿದಳು.

ಕೋಣೆಯಲ್ಲಿ ಹೆಂಗಸರು ತುಂಬಿದ್ದರು. ಅಗ್ಗಿಷ್ಟಿಗೆಯಲ್ಲಿ ಕೆಂಡ ಹೊಳೆಯುತ್ತಿತ್ತು. ಕಾಶಪ್ಪ ಹೆಮ್ಮೆಯಿಂದ ಹೇಳಿದ, "ಒಂದ ಎಳಿ ಗಾಳಿ ಬರದಂಗ ಕಿಟಕಿ ಹಾಕೀನ್ರೀ."

ರುದ್ರವ್ವ ನೇರ ಹೋಗಿ ಕಿಟಕಿ ತೆರೆದಳು.

"ಅವ್ವಾರ, ಕೂಸಿಗೆ ಥಂಡಿ..."

"ನಮ್ಮ ಗುರುಬಸುಗ ನ್ಯುಮೋನಿಯಾ ಅಂತ ಹೇಳ್ಯಾನಲ್ಲ ನನ್ನ ಮಗ, ಅದು ಸುಳ್ಳು." ಅವಳು ಕಿಟಕಿಗೆ ಬೆನ್ನು ಕೊಟ್ಟು ನಿಂತಳು. "ನಾನ ಅವನ ಕಾಟಿನ ಕೆಳಗ ಕೆಂಡ ಇಟ್ಟು, ಕಿಟಕಿ ಹಾಕಿ ಕುಂತಿದ್ದೆ. ಕೂಸು ಸುಮ್ಮನಾತು. ಮಲಗೇತಿ ಅಂತ ಹಿಗ್ಗಿದೆ. ಅದು ಮಲಗಿದ್ದಿಲ್ಲ, ಸಾಯಾಕ ಹತ್ತಿತ್ತು."

ಯಾರೋ ಬಾಯಿಗೆ ಸೆರಗು ಹಿಡಿದರು. ಸ್ನೇಹಲ್ ಕೂಸನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ರುದ್ರವ್ವ ಅದನ್ನು ಕಂಡಳು.

"ಮಾಮಾ," ಎಂದಳು ಸ್ನೇಹಲ್ ಅಗ್ಗಿಷ್ಟಿಗೆ ತೋರಿಸುತ್ತ, ತನಗೆ ಬಂದಷ್ಟು ಕನ್ನಡದಲ್ಲಿ, "ವೋ ಬಾಹರ್ ಇಡ್ರೀ."

ಕಾಶಪ್ಪ ಅಗ್ಗಿಷ್ಟಿಗೆಯನ್ನು ಬಾಲ್ಕನಿಗೆ ಒಯ್ದ. ಮಳೆಗೆ ಕೆಂಡ ಚುಂಯ್ ಅಂದಿತು.

ರುದ್ರವ್ವ ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕುಳಿತು ಕಾಲು ನೀಡಿದಳು. ಕೂಸನ್ನು ಕೊಡಿ ಎಂದು ಕೇಳಲಿಲ್ಲ. ಗೋಡೆಯತ್ತ ಮುಖ ಮಾಡಿ ಕಾದಳು. ಕೊಡದಿದ್ದರೂ ಸರಿಯೇ ಎಂದುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಅವಳ ಕಾಲ ಮೇಲೆ ಬೆಚ್ಚಗಿನ, ಹಗುರವಾದ ಭಾರವೊಂದು ಬಂತು. ಮೊದಲ ಚೊಂಬು ನೀರು ಬೀಳುತ್ತಲೇ ಕೂಸು ಮನೆ ಹಾರಿಹೋಗುವಂತೆ ಕಿರುಚತೊಡಗಿತು. ಅದಕ್ಕೆ ಸುಮ್ಮನಿರು ಎಂದು ಯಾರೂ ಹೇಳಲಿಲ್ಲ.