ಹಿಂದುಗಡೆ ಶಾಕ್ ಇರುವ ಸೈಕಲ್ಲು

ಗುಡ್ಡ ಇಳಿಯುವ ಸೈಕಲ್ ರೇಸಿಗೆ ಆ ಹೊಸ ನಿಯಮ ಬಂದಿದ್ದು ಭೀಮೇಶ ಒಬ್ಬನ ಸಲುವಾಗಿ. ನಿಯಮ ಬರೆದವರು ಹಾಗಂತ ಬರೆಯಲಿಲ್ಲ. ‘ಸುರಕ್ಷತೆಯ ದೃಷ್ಟಿಯಿಂದ’ ಅಂತ ಬರೆದರು.

ಭೀಮೇಶ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಭದ್ರಾವತಿಯ ಹಳೇನಗರದ ಬೈಕ್ ಗ್ಯಾರೇಜಿನಲ್ಲಿ ಕೆಲಸ. ಶಿವಮೊಗ್ಗದ ಸೈಕಲ್ ಕ್ಲಬ್ಬಿನವರು ಭಾನುವಾರ ಬಂತೆಂದರೆ ಅವನನ್ನೂ ಅವನ ಸೈಕಲ್ಲನ್ನೂ ಟೂಲ್ ಬ್ಯಾಗನ್ನೂ ವ್ಯಾನಿಗೆ ಹಾಕಿಕೊಂಡು ಗುಡ್ಡ ಹತ್ತಿಸುತ್ತಿದ್ದರು. ಚೈನು ಕಿತ್ತರೆ ಹಾಕಬೇಕು, ಬ್ರೇಕು ಕೂಗಿದರೆ ಸುಮ್ಮನಾಗಿಸಬೇಕು. ಇಳಿಯುವಾಗ ಮಾತ್ರ ವ್ಯಾನಿನಲ್ಲಿ ಅವನಿಗೆ ಜಾಗ ಇರುತ್ತಿರಲಿಲ್ಲ. ಕ್ಲಬ್ಬಿನವರ ಬ್ಯಾಗುಗಳು ಕೂರಬೇಕಿತ್ತು. ಹಾಗಾಗಿ ಮುಂದುಗಡೆ ಮಾತ್ರ ಶಾಕ್ ಅಬ್ಸಾರ್ಬರ್ ಇದ್ದ ತನ್ನ ಹಳೇ ಸೈಕಲ್ ಹತ್ತಿ, ಎಂಟು ಕೆಜಿ ಟೂಲು ಬೆನ್ನಿಗೆ ಕಟ್ಟಿಕೊಂಡು, ಎಲ್ಲರ ಹಿಂದೆ ಹೊರಡುತ್ತಿದ್ದ. ಹೋದ ರೇಸಿನ ದಿನ ಕೆಳಗೆ ನಿಂತು ಟೈಮ್ ಹಿಡಿಯುತ್ತಿದ್ದ ಹುಡುಗಿ ಹೊಸಬಳು. ಯಾರು ಸ್ಪರ್ಧಿ, ಯಾರು ಮೆಕ್ಯಾನಿಕ್ಕು ಅಂತ ಕೇಳದೆ, ಒಬ್ಬೊಬ್ಬರಾಗಿ ಇಳಿದು ಬಂದವರದ್ದೆಲ್ಲ ಬರೆದಳು. ನೋಡಿದರೆ ಎಲ್ಲರಿಗಿಂತ ಕಮ್ಮಿ ಟೈಮು ಭೀಮೇಶನದು. ಕ್ಲಬ್ಬಿನ ಕಾರ್ಯದರ್ಶಿ ಶ್ರೇಯಸ್ ನಾಲ್ಕು ಸೆಕೆಂಡು ತಡ.

ಕಪ್ಪು ಶ್ರೇಯಸ್ಸಿಗೇ ಹೋಯಿತು, ಭೀಮೇಶನ ಹೆಸರು ಲಿಸ್ಟಿನಲ್ಲೇ ಇರಲಿಲ್ಲವಲ್ಲ. ‘ಮುಂದಿನ ಸಲ ನನ್ ಹೆಸ್ರೂ ಹಾಕಿ’ ಅಂದ ಭೀಮೇಶ. ‘ಹಾಕೋಣ ಮಾರಾಯ’ ಅಂದರು. ವಾರ ಕಳೆಯುವಷ್ಟರಲ್ಲಿ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ನಿಯಮ ಬಂತು: ಮುಂದೆ, ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಮಾತ್ರ ಪ್ರವೇಶ.

ಸಿಟ್ಟು ಬಂದರೆ ಭೀಮೇಶನಿಗೆ ಮಾತು ಕಮ್ಮಿಯಾಗುತ್ತದೆ. ಮೂರು ತಿಂಗಳು ಅವನು ಹೆಚ್ಚು ಮಾತಾಡಲಿಲ್ಲ. ಓವರ್‌ಟೈಮ್ ಮಾಡಿದ, ಹಳೇ ಸೈಕಲ್ಲು ಮಾರಿದ, ಕಟ್ಟುತ್ತಿದ್ದ ಚೀಟಿ ಎತ್ತಿದ, ಲಕ್ಷದ ಹತ್ತಿರ ದುಡ್ಡು ಕೂಡಿಸಿದ. ಇಷ್ಟರಲ್ಲಿ ಬರುವ ಭಾನುವಾರ ಬೆಳಿಗ್ಗೆಯೇ ರೇಸ್ ಅಂತಾಯಿತು. ಶನಿವಾರ ಸಂಜೆ ಐದಕ್ಕೆ ಸ್ಪರ್ಧಿಗಳ ಲಿಸ್ಟು ಮುಚ್ಚುತ್ತದೆ. ಶನಿವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಅಪ್ಪನನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದ.

ಅಪ್ಪ ಮಾರಪ್ಪ ಕಾಗದದ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು. ಸುತ್ತಿ ಬಂದ ಕಾಗದದ ರೀಲಿಗೆ ಕೋಲಿನಿಂದ ಬಡಿದು, ಸದ್ದು ಕೇಳಿ, ಬಿಗಿ ಸಾಕೋ ಸಾಲದೋ ಹೇಳುವುದು ಅವರ ಕೆಲಸ. ಮಿಲ್ಲು ನಿಂತರೂ ಬಡಿಯುವುದು ನಿಂತಿರಲಿಲ್ಲ. ಕಾಗದನಗರದ ಮನೆಯಲ್ಲಿ ಫ್ರಿಜ್ಜನ್ನು ತಂದಾಗಲೂ ಬಡಿದೇ ಒಳಗೆ ಬಿಟ್ಟುಕೊಂಡಿದ್ದರು.

ಮೊದಲು ಅಂಗಡಿಗೆ ಹೋದರು. ಅಂಗಡಿಯ ಮಲ್ಲಿಕ್ ಪ್ಲಾಸ್ಟಿಕ್ ಸುತ್ತಿದ್ದ ಕೆಂಪು ಸೈಕಲ್ಲೊಂದನ್ನು ಎಳೆದು ತಂದ. “ಡಬಲ್ ಶಾಕ್ ಅಣ್ಣ. ಎಪ್ಪತ್ತೆಂಟು ಸಾವಿರ. ನಿಮಗೆ ಅಂತ ಎಪ್ಪತ್ತೈದು.”

ಮಾರಪ್ಪ ಹಿಂದಿನ ಸ್ಪ್ರಿಂಗಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದರು. ಸೀಟಿನ ಮೇಲೆ ಎರಡೂ ಕೈ ಊರಿ ಮೈಭಾರ ಹಾಕಿದರು. ಸೈಕಲ್ಲು ಅಲ್ಲಾಡಲಿಲ್ಲ.

“ಬಿಗಿ ಇದೆ,” ಅಂದರು. “ಇದನ್ನೇ ತಗೋ.”

“ಅಪ್ಪಾ, ಅದು ಕುಸೀಬೇಕು. ಕುಸೀಲಿ ಅಂತ್ಲೇ ಅದನ್ನ ಹಾಕೋದು.”

“ದುಡ್ಡು ಕೊಟ್ಟು ಕುಸಿಯೋದನ್ನ ಯಾರಾದ್ರೂ ತಗೋತಾರೇನೋ?”

ಭೀಮೇಶ ಬಗ್ಗಿ ನೋಡಿದ. ಹಿಂದಿನ ಭಾಗ ತಿರುಗುವ ಪಿವಟ್ಟಿನಲ್ಲಿ ಬೇರಿಂಗ್ ಇಲ್ಲ, ಬರೀ ಪ್ಲಾಸ್ಟಿಕ್ ಬುಷ್ಷು. ಎತ್ತಿ ನೋಡಿದ. ಹತ್ತೊಂಬತ್ತು ಕೆಜಿಗೆ ಕಮ್ಮಿಯಿಲ್ಲ.

“ರೂಲಲ್ಲಿ ಹಿಂದೆ ಶಾಕ್ ಇರ್ಬೇಕು ಅಂತ ಅಲ್ವಾ ಅಣ್ಣ ಇರೋದು? ಇದೆಯಲ್ಲ,” ಅಂದ ಮಲ್ಲಿಕ್.

“ಇದ್ರಲ್ಲಿ ಗುಡ್ಡ ಇಳಿದ್ರೆ ತಡ್ಕೊಳುತ್ತಾ?”

“ಗುಡ್ಡದಲ್ಲಿ ಓಡಿಸಿದ್ರೆ ವಾರಂಟಿ ಬರಲ್ಲ ಅಣ್ಣ.”

“ಮತ್ತೆಲ್ಲಿ ಓಡಿಸ್ಬೇಕು?”

“ರೋಡಲ್ಲಿ.” ಮಲ್ಲಿಕ್ ಸ್ವಲ್ಪ ಯೋಚಿಸಿದ. “ರೋಡು ಚೆನ್ನಾಗಿರ್ಬೇಕು.”

ಇದಕ್ಕಿಂತ ಒಳ್ಳೆಯ ಹೊಸದಕ್ಕೆ ದುಡ್ಡು ಸಾಲದು; ಉಳಿದದ್ದು ಒಂದೇ ದಾರಿ. ಭೀಮೇಶನಿಗೆ ಅದು ಮೊದಲಿಂದಲೂ ಗೊತ್ತಿತ್ತು, ಬೇಡವಾಗಿತ್ತು ಅಷ್ಟೆ. ಶ್ರೇಯಸ್ ಹೊಸ ಸೈಕಲ್ಲು ತಂದು ಎರಡು ತಿಂಗಳಾಗಿತ್ತು. ಹಳೆಯದು ಮಾರಾಟಕ್ಕಿತ್ತು. ‘ಯಾವುದಾದ್ರೂ ಪಾರ್ಟಿ ಇದ್ರೆ ಕರ್ಕೊಂಡ್ ಬಾ, ತೊಂಬತ್ತೈದು ಹೇಳು’ ಅಂತ ಭೀಮೇಶನಿಗೇ ಹೇಳಿದ್ದ. ಎರಡು ವರ್ಷದಿಂದ ಅದರ ರಿಪೇರಿ ಮಾಡುತ್ತಿದ್ದವನು ಭೀಮೇಶನೇ. ಅದರ ಒಂದೊಂದು ಬೋಲ್ಟೂ ಅವನಿಗೆ ಗೊತ್ತು. ಗುಡ್ಡದಲ್ಲಿ ಒಂದು ಸಲವೂ ಓಡಿಸಿರಲಿಲ್ಲ.

ರವೀಂದ್ರನಗರದ ಮನೆಗೆ ಹೋದಾಗ ನಾಲ್ಕು ಗಂಟೆ. ತನ್ನ ಅಪ್ಪನ ಟ್ರ್ಯಾಕ್ಟರ್ ಶೋರೂಮು ನೋಡಿಕೊಳ್ಳುವ ಶ್ರೇಯಸ್ ಊಟ ಮುಗಿಸಿ ಮಲಗಿದ್ದವನು ಎದ್ದು ಹೊರಗೆ ಬಂದ. ಅವನ ತಾಯಿ ಶಕುಂತಲಮ್ಮ ಪೋರ್ಟಿಕೋದ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲೇ, ಮೆಟ್ಟಿಲಿಗೆ ಅಡ್ಡವಾಗಿ, ಹಳೇ ಸೈಕಲ್ಲು ನಿಂತಿತ್ತು.

“ಪಾರ್ಟಿನ ಕರ್ಕೊಂಡ್ ಬಂದ್ಯಾ ಭೀಮೇಶ?” ಶ್ರೇಯಸ್ ಮಾರಪ್ಪನ ಕಡೆ ತಿರುಗಿದ. “ಯಾರಿಗೆ ಯಜಮಾನ್ರೇ?”

“ಮಗನಿಗೆ,” ಅಂದರು ಮಾರಪ್ಪ.

“ಕಣ್ಮುಚ್ಚಿ ತಗೊಳಿ. ಹಿಂದೆ ಏರ್ ಶಾಕ್. ಬೇರಿಂಗೆಲ್ಲ ಹೊಸದ್ರ ಹಾಗಿದೆ. ರಿಮ್ಮು ನೋಡಿ, ದಾರ ಹಿಡಿದ ಹಾಗೆ ತಿರುಗುತ್ತೆ. ಸರ್ವೀಸು ಒಂದಿನ ತಪ್ಪಿಸಿಲ್ಲ.”

“ಸರ್ವೀಸ್ ಮಾಡಿದ್ದು ಯಾರು ಸ್ವಾಮಿ?”

“ಇವ್ನೇ. ಒಳ್ಳೇ ಕೆಲಸಗಾರ.”

ಮಾರಪ್ಪ ಮಗನನ್ನು ಮೇಲಿಂದ ಕೆಳಗೆ ನೋಡಿದರು, ಅಪರಿಚಿತನನ್ನು ನೋಡುವಂತೆ.

“ಸೈಜು ಮೀಡಿಯಂ,” ಅಂದ ಶ್ರೇಯಸ್. “ನಿಮ್ಮ ಮಗ ಎಷ್ಟೆತ್ತರ ಇದಾನೆ?”

ಮಾರಪ್ಪ ಭೀಮೇಶನ ತಲೆಯ ಮೇಲೆ ಕೈಯಿಟ್ಟರು. “ಇಷ್ಟು.”

ಶ್ರೇಯಸ್ ಆ ಕೈಯನ್ನು ನೋಡಿದ. ಕೆಳಗಿದ್ದ ತಲೆಯನ್ನು ನೋಡಿದ. ಪಕ್ಕದ ಮನೆಯ ಮಿಕ್ಸಿ ಶುರುವಾಗಿ ನಿಂತಿತು.

“ನಿಂಗಾ?”

“ಹೂಂ ಅಣ್ಣ.”

“ನಾಳೆಗಾ?”

“ಹೂಂ.”

ಶ್ರೇಯಸ್ ಸೈಕಲ್ಲಿನ ಮುಂದೆ ಬಂದು ನಿಂತ. “ನೋಡು ಭೀಮೇಶ, ನೀನು ನಮ್ಮ ಹುಡುಗ. ನಿಂಗೆ ಸುಳ್ಳು ಹೇಳಬಾರ್ದು. ಹಿಂದಿನ ಪಿವಟ್ ಲೂಸಾಗಿದೆ, ಅಲ್ಲಾಡುತ್ತೆ.”

ಈ ಮಾತನ್ನು ಭೀಮೇಶ ಮೂರು ಸಲ ಅವನಿಗೆ ಹೇಳಿದ್ದ. ಮೂರು ಸಲವೂ ‘ನಿಂಗೆ ಖರ್ಚು ಮಾಡ್ಸೋದೇ ಕೆಲ್ಸ’ ಅನ್ನಿಸಿಕೊಂಡಿದ್ದ. “ಹೌದಾ ಅಣ್ಣ?” ಅಂದ.

“ರಿಮ್ಮೂ ಒಂಚೂರು ಡೊಂಕು.”

ಮಾರಪ್ಪ ಒಂದು ಬೆರಳು ಮಡಚಿದ್ದರು, ಇನ್ನೊಂದು ಮಡಚಿದರು.

“ಶಾಕ್ ಎಣ್ಣೆ ಬಿಡ್ತಿದೆ ಅಂತ ಅನುಮಾನ. ಫ್ರೇಮಲ್ಲಿ ಬಿರುಕೂ ಇರ್ಬೋದು ಮಾರಾಯ, ಹೇಳಕ್ಕಾಗಲ್ಲ. ಗುಡ್ಡಕ್ಕೆ ಇದು ಬೇಡ.”

“ಬಿಡಿಸಿ ಹೇಳಿದ್ರಿ, ಒಳ್ಳೇದಾಯ್ತು,” ಅಂದರು ಮಾರಪ್ಪ. ನಾಲ್ಕು ಬೆರಳು ಮಡಚಿದ ಕೈಯನ್ನು ಎತ್ತಿ ಹಿಡಿದರು. “ತೊಂಬತ್ತೈದು ಅಂದಿದ್ದು ಒಳ್ಳೇ ಗಾಡಿಗೆ. ಇದಕ್ಕೆಷ್ಟು ಸ್ವಾಮಿ?”

ಶ್ರೇಯಸ್ ಲೆಕ್ಕ ಹಾಕಿದ. ಗಾಡಿ ಚೆನ್ನಾಗಿದೆ ಅಂದರೆ ನಾಳೆ ಗುಡ್ಡದ ಮೇಲೆ ಭೀಮೇಶ. ಕೆಟ್ಟಿದೆ ಅಂದರೆ ದುಡ್ಡೂ ಹೋಯಿತು, ನಾಳೆ ಗುಡ್ಡದ ಮೇಲೆ ಭೀಮೇಶ. “ಮಾರೋದೇ ಬೇಡ ಅಂತ ಯೋಚ್ನೆ ಮಾಡ್ತಿದೀನಿ,” ಅಂದ.

“ಏನಂದೆ?” ಶಕುಂತಲಮ್ಮ ಸೊಪ್ಪಿನ ಮೊರ ಕೆಳಗಿಟ್ಟರು. “ಎರಡು ತಿಂಗಳಿಂದ ಅಡ್ಡ ನಿಂತಿದೆ. ಹಾಲಿನವನು ದಿನಾ ಎಡವ್ತಾನೆ. ಮುರುಕಲು ಅಂತ ನೀನೇ ಹೇಳ್ತೀಯ, ಮುರುಕಲಿಗೆ ತೊಂಬತ್ತೈದು ಕೇಳ್ತೀಯ, ಪಾಪ ಆ ಹುಡುಗ ಆದ್ರೂ ಬೇಕು ಅಂತಿದಾನೆ. ಅರವತ್ತಕ್ಕೆ ಕೊಟ್ಟು ಕಳ್ಸು.”

“ಅಮ್ಮಾ, ನಿಂಗೆ ಗೊತ್ತಾಗಲ್ಲ—”

“ಐವತ್ತೈದು.”

“ಅರವತ್ತು,” ಅಂದ ಶ್ರೇಯಸ್ ಗಡಿಬಿಡಿಯಲ್ಲಿ.

ಭೀಮೇಶ ಫೋನಿನಲ್ಲೇ ದುಡ್ಡು ಹಾಕಿದ. ಬಿರುಕಿಲ್ಲ, ಎಣ್ಣೆ ಬಿಡುತ್ತಿಲ್ಲ ಅಂತ ಅವನಿಗೆ ಗೊತ್ತು. ಪಿವಟ್ಟಿನ ಬೇರಿಂಗು ಸಂಜೆ ಗ್ಯಾರೇಜಿನಲ್ಲಿ ಅರ್ಧ ಗಂಟೆ ಕೆಲಸ, ರಿಮ್ಮು ಹತ್ತು ನಿಮಿಷ. ಆಮೇಲೆ ಬ್ಯಾಗಿನಿಂದ ಶಾಕಿಗೆ ಗಾಳಿ ಹೊಡೆಯುವ ಸಣ್ಣ ಪಂಪು ತೆಗೆದ. ಈ ಶಾಕಿಗೆ ಓಡಿಸುವವನ ತೂಕ ನೋಡಿ ಗಾಳಿ ತುಂಬಬೇಕು. ಎರಡು ವರ್ಷ ಅವನೇ ತುಂಬಿದ್ದ, ಶ್ರೇಯಸ್ಸಿನ ಎಂಬತ್ತೆಂಟು ಕೆಜಿಗೆ. ಪಂಪು ಸಿಕ್ಕಿಸಿ ಅದರ ಗುಂಡಿ ಒತ್ತಿದ. ಉಸ್ಸೆಂದು ಗಾಳಿ ಹೊರಟಿತು.

“ಪಂಚರ್ ಆಯ್ತೇನಪ್ಪ?” ಶಕುಂತಲಮ್ಮ ಗಾಬರಿಯಾದರು.

“ಇಲ್ಲಮ್ಮ. ನಿಮ್ಮ ಮಗನ ತೂಕ ಇಳಿಸ್ತಿದೀನಿ.”

“ಇಳಿಸಪ್ಪ,” ಅಂದರು ಅವರು.

ಭೀಮೇಶ ಹತ್ತಿ ಕೂತ. ಹಿಂದುಗಡೆ ಮೆಲ್ಲಗೆ ಕುಸಿದು, ಕುಸಿಯಬಹುದಾದಷ್ಟರ ಕಾಲು ಭಾಗಕ್ಕೆ ಬಂದು ನಿಂತಿತು. ಅವನ ಐವತ್ತೊಂಬತ್ತು ಕೆಜಿಗೆ ಎಷ್ಟು ಬೇಕೋ ಅಷ್ಟು. ಇಳಿದು ಸೈಕಲ್ ತಳ್ಳಿಕೊಂಡು ಗೇಟಿನವರೆಗೆ ಹೋಗಿ ಅಲ್ಲೇ ನಿಂತ. ಐದಕ್ಕೆ ಹತ್ತು ನಿಮಿಷ ಇತ್ತು.

“ಇನ್ನೇನು?” ಅಂದ ಶ್ರೇಯಸ್.

“ಲಿಸ್ಟು.”

ಶ್ರೇಯಸ್ ಅಮ್ಮನ ಕಡೆ ಒಮ್ಮೆ ನೋಡಿ ಫೋನು ತೆಗೆದ. ಎರಡು ಹೆಬ್ಬೆರಳಲ್ಲಿ ನಿಧಾನ ಒತ್ತಿದ. ಭೀಮೇಶನ ಜೇಬಿನಲ್ಲಿ ಗ್ರೂಪಿನ ಸದ್ದಾಯಿತು. ತೆಗೆದು ನೋಡಿದ. ಸ್ಪರ್ಧಿಗಳ ಸಾಲಿನ ಕೊನೆಗೆ, ಹನ್ನೊಂದನೆಯದು: ಭೀಮೇಶ್ ಎಂ. ಅದರ ಕೆಳಗೆ, ಮೆಕ್ಯಾನಿಕ್: ಭೀಮೇಶ್.

“ಕೆಳಗಿಂದು ತೆಗೀರಿ ಅಣ್ಣ.”

“ತೆಗೆದ್ರೆ ಅಲ್ಲಿ ಯಾರ ಹೆಸ್ರು ಹಾಕ್ಲೋ?”

ಭೀಮೇಶ ಪ್ರಾಮಾಣಿಕವಾಗಿ ಯೋಚಿಸಿದ. ಹನ್ನೊಂದು ಜನರಲ್ಲಿ ಚೈನು ಹಾಕಲು ಬರುವವರು ಇನ್ನೊಬ್ಬರು ನೆನಪಾಗಲಿಲ್ಲ.

“ಖಾಲಿ ಬಿಡಿ,” ಅಂದ.