ಯೋರಿನಳ ಲ್ಯಾಟಿನ್

ಪ್ರಾಥಮಿಕ ಶಾಲೆಯ ಸರ್ಟಿಫಿಕೇಟು ಸಿಗದ ಮಕ್ಕಳು ಹನ್ನೆರಡನೇ ವಯಸ್ಸಿಗೆ ನಮ್ಮ ‘ಬಿ’ ವಿಭಾಗಕ್ಕೆ ಬರುತ್ತಾರೆ. ಭಾಷೆ, ಲೆಕ್ಕದ ಜೊತೆ ಅಡುಗೆ, ಮರಗೆಲಸ. ಮುಂದೆ ಕಸುಬು ಕಲಿಯಲು ತಯಾರಿ. ಲೋಕೆರೆನ್ ಊರಿನಲ್ಲಿ ಇಪ್ಪತ್ತು ವರ್ಷದಿಂದ ಅವರಿಗೆ ಮರಗೆಲಸ ಕಲಿಸುತ್ತಿರುವವನು ನಾನು. ಆ ವರ್ಷ ಬಂದ ಯೋರಿನ ಪುಸ್ತಕ ಹಿಡಿದರೆ ತಡವರಿಸುತ್ತಿದ್ದಳು. ಗರಗಸ ಹಿಡಿದರೆ ಒಂದು ಕೂದಲೆಳೆಯಷ್ಟೂ ಗೆರೆ ತಪ್ಪುತ್ತಿರಲಿಲ್ಲ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಬ್ರೆಡ್ ತರಲು ಬೇಕರಿಗೆ ಹೋದೆ. ಯೋರಿನ ಸ್ಟೂಲಿನ ಮೇಲೆ ಕೂತು ಕೇಕಿನ ಡಬ್ಬಿ ಮಡಿಸುತ್ತಿದ್ದಳು. ಕೌಂಟರಿನಲ್ಲಿದ್ದವರು ಅವಳ ತಾಯಿ ಗುಡ್ರೂನ್ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಪೋಷಕರ ಸಭೆಗೆ ಅವರು ಬಂದಿರಲಿಲ್ಲ. ಇವತ್ತಾದರೂ ಸಿಕ್ಕರಲ್ಲ ಅನ್ನಿಸಿತು.

“ನಾನು ಯೋರಿನಳ ಮರಗೆಲಸದ ಮೇಷ್ಟ್ರು. ನಿಮ್ಮ ಮಗಳ ಕೈ ಬಂಗಾರ ಕಣ್ರೀ. ‘ಬಿ’ ಕ್ಲಾಸಲ್ಲಿ ಇಂಥ ಹುಡುಗೀನ ನಾನು ನೋಡೇ ಇಲ್ಲ.”

ಸಾಲಿನಲ್ಲಿದ್ದ ಮುದುಕಿಯೊಬ್ಬಳು ನಕ್ಕಳು. “ಏನಮ್ಮಾ, ಮಗಳು ಲ್ಯಾಟಿನ್ ಓದ್ತಿದಾಳೆ ಅಂತಿದ್ದೆ? ಮರ ಕೊಯ್ಯೋಕೂ ಲ್ಯಾಟಿನ್ ಬೇಕಾ?” ಲ್ಯಾಟಿನ್ ಅಂದರೆ ನಮ್ಮಲ್ಲಿ ಓದಿನಲ್ಲಿ ಎಲ್ಲರಿಗಿಂತ ಮುಂದಿರುವ ಮಕ್ಕಳ ವಿಭಾಗ.

ಯೋರಿನ ಡಬ್ಬಿಗಳನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಗುಡ್ರೂನ್ ನನ್ನ ಬ್ರೆಡ್ಡನ್ನು ಕಟ್ಟಿಕೊಟ್ಟರು.

ಸೋಮವಾರ ಅವಳು ಶಾಲೆಗೆ ಬರಲಿಲ್ಲ, ಮಂಗಳವಾರವೂ ಇಲ್ಲ. ಗುರುವಾರ ಸಂಜೆ ನಾನೇ ಅವರ ಮನೆಗೆ ಹೋದೆ. ಗುಡ್ರೂನ್ ನನ್ನನ್ನು ಒಳಗೆ ಕರೆಯಲಿಲ್ಲ.

“ಹೊಗಳೋಕೆ ಅಂಗಡೀನೇ ಬೇಕಿತ್ತಾ ನಿಮ್ಗೆ?”

“ತಪ್ಪಾಯ್ತು. ಆದ್ರೆ ನಾನು ಹೇಳಿದ್ದು ನಿಜ.”

“ನಿಜಾನೇ! ನಾನೂ ಕಸುಬಿನ ಶಾಲೇಲೇ ಓದಿದ್ದು ಮೇಷ್ಟ್ರೇ. ಬಸ್ಸಲ್ಲಿ ಲ್ಯಾಟಿನ್ ಹುಡ್ಗೀರು ನಮ್ಮನ್ನ ‘ಕಸ’ ಅಂತಿದ್ರು. ಸೀಟ್ ಕೂಡ ಬಿಡ್ತಿರ್ಲಿಲ್ಲ. ಸುಳ್ಳು ಹೇಳ್ದೆ, ಹೌದು. ಅವಳನ್ನ ಯಾರೂ ಹಾಗೆ ಅನ್ಬಾರ್ದು ಅಂತ ಹೇಳ್ದೆ.”

ಮೆಟ್ಟಿಲ ಮೇಲಿಂದ ಯೋರಿನಳ ದನಿ ಬಂತು. “ಯಾರೂ ಅಂದಿಲ್ಲಮ್ಮಾ. ನೀನೇ ನಾಚ್ಕೊಂಡಿದ್ದು.”

ಗುಡ್ರೂನ್ ಬಾಗಿಲು ಹಾಕಿಕೊಂಡರು.

ಮರುವಾರ ಯೋರಿನ ಬಂದಳು. ಕೆಲಸದಲ್ಲಿ ಕೊರತೆಯಿಲ್ಲ, ಆದರೆ ನನ್ನ ಕಡೆ ಮುಖವೆತ್ತಿ ನೋಡಲಿಲ್ಲ. ಜೂನ್‌ನಲ್ಲಿ ಶಾಲೆಯ ವರ್ಷ ಮುಗಿಯುತ್ತಿದ್ದಂತೆ ಗುಡ್ರೂನ್ ಅವಳನ್ನು ಗೆಂಟ್ ನಗರದ ಶಾಲೆಯೊಂದಕ್ಕೆ, ಪುಸ್ತಕದ ಓದೇ ಹೆಚ್ಚಿರುವ ‘ಎ’ ವಿಭಾಗಕ್ಕೆ ಸೇರಿಸಿದರು. ಅಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಬೇಡವೆಂದು ಶಿಕ್ಷಕರೆಲ್ಲ ಬರೆದುಕೊಟ್ಟೆವು. ತೀರ್ಮಾನ ಮನೆಯವರದು.

ಕೊನೆಯ ದಿನ ಅವಳನ್ನು ಕೇಳಿದೆ: “ನಿಂಗೇನು ಬೇಕು ಮರೀ?”

“ಅಮ್ಮ ಅಳ್ದೆ ಇದ್ರೆ ಸಾಕು ಸಾರ್.”

ಅಕ್ಟೋಬರಿನ ಹೊತ್ತಿಗೆ ಅವಳಿಗೆ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು ಶುರುವಾಗಿತ್ತಂತೆ. ಡಾಕ್ಟರಿಗೆ ಏನೂ ಸಿಗಲಿಲ್ಲ. ಹೊಗಳುವ ಮೊದಲು ಸುತ್ತ ಯಾರಿದ್ದಾರೆಂದು ನೋಡುವುದನ್ನು ನಾನು ಆಮೇಲೆ ಕಲಿತೆ. ಅವಳಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.